ಅಜ್ಜನ ಹೋಲ್‌ಸ್ಟರಿಗೆ ಎಣ್ಣೆ ಹಚ್ಚಬಹುದೆ?

ಪ್ರಶ್ನೆ: ಸೇನೆಯಲ್ಲಿದ್ದ ನಮ್ಮ ಅಜ್ಜ ತೀರಿಕೊಂಡ ಬಳಿಕ ಅವರ ರಿವಾಲ್ವರನ್ನು ಪೊಲೀಸ್ ಠಾಣೆಗೆ ಒಪ್ಪಿಸಿದೆವು. ಅದನ್ನಿಡುವ ಕಂದು ಚರ್ಮದ ಒರೆ, ಅಂದರೆ ಹೋಲ್‌ಸ್ಟರ್ ಮಾತ್ರ ಕಪಾಟಿನಲ್ಲಿ ಉಳಿದಿದೆ. ಪ್ರತಿ ಮಳೆಗಾಲದಲ್ಲೂ ಅದರ ಮೇಲೆ ಬಿಳಿ ಬೂಷ್ಟು ಕಟ್ಟುತ್ತದೆ, ಹಿತ್ತಾಳೆಯ ಗುಂಡಿಯ ಸುತ್ತ ಹಸಿರು ಮೇಣದಂಥದ್ದು ಬೆಳೆದಿದೆ, ಹಿಂಬದಿಯ ಪಟ್ಟಿಯನ್ನು ಮುಟ್ಟಿದರೆ ಕೈಗೆ ಕೆಂಪು ಪುಡಿ ಹತ್ತುತ್ತದೆ. ತೆಂಗಿನೆಣ್ಣೆ ಹಚ್ಚಿದರೆ ಸರಿಹೋಗುವುದೆ?
– ಓದುಗರು, ಡೊಂಬಿವಲಿ

ಉತ್ತರ: ಎಣ್ಣೆಯ ಬಾಟಲಿಯನ್ನು ದಯವಿಟ್ಟು ಅಡುಗೆಮನೆಯಲ್ಲೇ ಬಿಡಿ. ನೀವು ಹೇಳಿದ ಮೂರೂ ಲಕ್ಷಣಗಳಿಗೆ ಕಾರಣಗಳು ಬೇರೆ ಬೇರೆ. ಎಣ್ಣೆ ಅವುಗಳಲ್ಲಿ ಒಂದಕ್ಕೂ ಮದ್ದಲ್ಲ, ಮೊದಲ ಎರಡಕ್ಕಂತೂ ಅದೇ ಆಹಾರ.

ಬಿಳಿಯದೆಲ್ಲ ಬೂಷ್ಟಲ್ಲ. ಸೂಜಿಯ ಮೊನೆಯಿಂದ ತುಸು ತೆಗೆದು ಚಮಚದ ಮೇಲಿಟ್ಟು ಬಿಸಿ ಮಾಡಿ. ಕರಗಿದರೆ ಅದು ಹಿಂದೆ ಯಾರೋ ಹಚ್ಚಿದ ಕೊಬ್ಬು ಹೊರಬಂದದ್ದು. ಒಣ ಬಟ್ಟೆಯಿಂದ ಒರೆಸಿದರೆ ಸಾಕು. ಕರಗದಿದ್ದರೆ ಬೂಷ್ಟೆಂದೇ ತಿಳಿದು, ಮೂಗಿಗೆ ಮಾಸ್ಕ್ ಕಟ್ಟಿಕೊಂಡು, ಬಾಲ್ಕನಿಯಲ್ಲಿ ಮೆತ್ತನೆಯ ಒಣ ಬ್ರಷ್‌ನಿಂದ ಝಾಡಿಸಿ. ಬಿಸಿಲಿನಲ್ಲಿ ಒಣಗಿಸಬೇಡಿ, ಹಳೆಯ ಚರ್ಮ ಬಿರಿಯುತ್ತದೆ.

ಹಿತ್ತಾಳೆಯಲ್ಲಿರುವ ತಾಮ್ರವು ಚರ್ಮದ ಕೊಬ್ಬಿನೊಡನೆ ಸೇರಿ ಆ ಹಸಿರು ಮೇಣವಾಗಿದೆ. ಮರದ ಹಲ್ಲುಕಡ್ಡಿಯಿಂದ ಬಿಡಿಸಿ, ಒಣ ಹತ್ತಿಯಿಂದ ಒರೆಸಿ. ಹಿತ್ತಾಳೆಗೆ ಹೊಳಪು ಕೊಡುವ ಪಾಲಿಶ್ ಬೇಡ. ಅದು ಹೊಲಿಗೆಯೊಳಗೆ ಬಿಳಿಯ ಕಲೆಯಾಗಿ ಕೂರುತ್ತದೆ.

ನಿಜವಾದ ಚಿಂತೆ ಕೆಂಪು ಪುಡಿಯದು. ಇದನ್ನು ರೆಡ್ ರಾಟ್ ಎನ್ನುತ್ತಾರೆ. ಮರದ ತೊಗಟೆಯ ಒಗರಿನಿಂದ ಹದಗೊಳಿಸಿದ ಹಳೆಯ ಚರ್ಮವು, ಕಲ್ಲಿದ್ದಲಿನ ಹೊಗೆಯಂಥ ಮಲಿನ ಗಾಳಿಯಲ್ಲಿರುವ ಗಂಧಕದ ಡೈಆಕ್ಸೈಡನ್ನು ವರ್ಷಗಟ್ಟಲೆ ಹೀರಿಕೊಂಡು, ಅದು ಒಳಗೇ ಆಮ್ಲವಾಗಿ ನಾರುಗಳನ್ನು ತುಂಡರಿಸುವುದರಿಂದ ಹೀಗೆ ಪುಡಿಯಾಗುತ್ತದೆ. ಹಾಳಾದ ನಾರು ಮತ್ತೆ ಕೂಡಿಕೊಳ್ಳದು. ಅಂಥ ಕಡೆ ನೀರು ತಗುಲಿದರೆ ಚರ್ಮ ಕಪ್ಪಾಗಿ ಗಡುಸಾಗುತ್ತದೆ. ಆದ್ದರಿಂದ ಒದ್ದೆ ಬಟ್ಟೆಯೂ ಬೇಡ, ಕುದುರೆಯ ಜೀನು ತೊಳೆಯುವ ಸಾಬೂನೂ ಬೇಡ. ಸಂರಕ್ಷಣಾ ತಜ್ಞರು ಹೈಡ್ರಾಕ್ಸಿಪ್ರೊಪೈಲ್ ಸೆಲ್ಯುಲೋಸ್ ಎಂಬ ಅಂಟುಪುಡಿಯನ್ನು ಆಲ್ಕೊಹಾಲಿನಲ್ಲಿ ಕರಗಿಸಿ ತೆಳುವಾಗಿ ಸವರಿ ಪುಡಿಯನ್ನು ಹಿಡಿದಿಡುತ್ತಾರೆ. ಇದನ್ನು ಮನೆಯಲ್ಲಿ ಪ್ರಯೋಗಿಸುವುದಕ್ಕಿಂತ, ಮುಂಬಯಿ ಕೋಟೆ ಪ್ರದೇಶದ ಛತ್ರಪತಿ ಶಿವಾಜಿ ಮಹಾರಾಜ ವಸ್ತು ಸಂಗ್ರಹಾಲಯದಲ್ಲಿ ಸಂರಕ್ಷಣಾ ಕೇಂದ್ರವೇ ಇರುವುದರಿಂದ, ಅಲ್ಲಿ ಸಲಹೆ ಕೇಳುವುದು ಲೇಸು.

ಇನ್ನು ಇಡುವ ಬಗೆ. ಗಾಳಿಯ ತೇವಾಂಶ ಶೇ. 65 ದಾಟಿದರೆ ಬೂಷ್ಟಿಗೆ ಅನುಕೂಲ, ನಮ್ಮ ಮಳೆಗಾಲದಲ್ಲಿ ಅದು ಸುಲಭವಾಗಿ ಶೇ. 80ಕ್ಕೆ ಏರುತ್ತದೆ. ಪ್ಲಾಸ್ಟಿಕ್ ಚೀಲ ಆ ತೇವವನ್ನು ಒಳಗೇ ಕೂಡಿಹಾಕುತ್ತದೆ. ಆಕಾರ ಕುಸಿಯದಂತೆ ಒಳಗೆ ಆಮ್ಲರಹಿತ ಕಾಗದವನ್ನು (ಪತ್ರಿಕೆಯ ಕಾಗದವನ್ನಲ್ಲ, ನಮ್ಮದನ್ನೂ ಸಹ) ಸಡಿಲವಾಗಿ ತುಂಬಿ, ಒಗೆದು ಒಣಗಿಸಿದ ಹತ್ತಿ ಬಟ್ಟೆಯಲ್ಲಿ ಸುತ್ತಿ, ಹೊರಗೋಡೆಗೆ ತಾಗದ ಕಪಾಟಿನಲ್ಲಿ ಇಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪಕ್ಕದಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳಿರಲಿ. ಅವು ತೇವ ಕುಡಿದು ತಣಿದ ಮೇಲೆ ಬದಲಿಸುತ್ತಿರಿ.