ಹಳೇ ಬಿಎಂಡಬ್ಲ್ಯೂ ಎಂಜಿನ್: ಇಳಿಸಬೇಕೋ, ಉಳಿಸಿಕೊಳ್ಳಬೇಕೋ?

ಪ್ರಶ್ನೆ: ನನ್ನದು 2003ರ ಬಿಎಂಡಬ್ಲ್ಯೂ 325ಐ (ಇ46 ಎಂಬುದು ಆ ತಲೆಮಾರಿನ ಮಾದರಿಗೆ ಕಂಪನಿಯ ಸಂಕೇತ). ಹೆಬ್ಬಾಳದ ಟ್ರಾಫಿಕ್ಕಿನಲ್ಲಿ ಒಮ್ಮೆ ವಿಪರೀತ ಹೀಟ್ ಆಗಿ ನಿಂತುಹೋಯಿತು. ಆಮೇಲೆ ಎರಡು ದಿನಕ್ಕೊಮ್ಮೆ ಕೂಲಂಟ್ ಹಾಕಬೇಕಾಗಿದೆ. ‘ಹೆಡ್ ಹೋಗಿದೆ, ಸೆಕೆಂಡ್ ಹ್ಯಾಂಡ್ ಎಂಜಿನ್ ಕೂರಿಸಿಬಿಡಿ’ ಎನ್ನುತ್ತಾರೆ ಗ್ಯಾರೇಜಿನವರು. ಒಪ್ಪಬಹುದೇ? — ಬೆಂಗಳೂರಿನ ಓದುಗರು

ಉತ್ತರ: ಈಗಲೇ ಒಪ್ಪಬೇಡಿ. ಹೆಡ್ (ಸಿಲಿಂಡರುಗಳನ್ನು ಮೇಲಿನಿಂದ ಮುಚ್ಚುವ ಭಾಗ) ಹೋಗಿದೆ ಎಂಬುದು ಯಾವ ಪರೀಕ್ಷೆಯಿಂದ ಗೊತ್ತಾಯಿತು ಎಂದು ಮೊದಲು ಕೇಳಿ. ನಿಮ್ಮ ಕಾರಿನ ಎಂ54 ಎಂಜಿನ್‌ನಲ್ಲಿ ಕೂಲಂಟ್ ಸೋರುವುದಕ್ಕೆ ಹೆಡ್ಡಿಗಿಂತ ಅಗ್ಗದ ಜಾಗಗಳು ಬೇಕಾದಷ್ಟಿವೆ. ಪ್ಲಾಸ್ಟಿಕ್ಕಿನ ಎಕ್ಸ್‌ಪ್ಯಾನ್ಷನ್ ಟ್ಯಾಂಕ್ ಜೋಡಣೆಯ ಗೆರೆಯಲ್ಲೇ ಬಿರಿಯುತ್ತದೆ. ರೇಡಿಯೇಟರಿನ ಮೇಲಿನ ಹೋಸ್ ಕೂರುವ ಕುತ್ತಿಗೆ ಪುಡಿಯಾಗುತ್ತದೆ. ಥರ್ಮೋಸ್ಟಾಟ್ ಮನೆ, ವಾಟರ್ ಪಂಪಿನ ಸೀಲು ಕೂಡ ವಯಸ್ಸಾದಂತೆ ಕೈಕೊಡುತ್ತವೆ. ಎಂಜಿನ್ ತಣ್ಣಗಿರುವಾಗ ಟ್ಯಾಂಕಿನ ಬಾಯಿಗೆ ಕೈಪಂಪು ಕೂರಿಸಿ 1.5 ಬಾರ್ ಒತ್ತಡ ಕೊಡಿ, ಹತ್ತು ನಿಮಿಷ ಬಿಡಿ. ಒತ್ತಡ ಇಳಿದರೆ ಒದ್ದೆಯಾದ ಜಾಗವನ್ನು ಹುಡುಕಿ.

ಹೊರಗೆಲ್ಲೂ ಸೋರಿಕೆ ಕಾಣದಿದ್ದರೆ ಆಗ ಹೆಡ್ ಮೇಲೆ ಅನುಮಾನ. ಟ್ಯಾಂಕಿನ ಮೇಲಿನ ಗಾಳಿಯನ್ನು ನೀಲಿ ದ್ರವದ ಪರೀಕ್ಷಕದ ಮೂಲಕ ಎಳೆಯಿರಿ. ದ್ರವ ಹಳದಿಗೆ ತಿರುಗಿದರೆ ಸಿಲಿಂಡರಿನ ಹೊಗೆ ನೀರಿಗೆ ಸೇರುತ್ತಿದೆ ಎಂದೇ ಅರ್ಥ. ಆಮೇಲೆ ಕಂಪ್ರೆಷನ್ ನೋಡಿಸಿ: ಎಂಜಿನ್ ಬಿಸಿ ಇರಬೇಕು, ಆರೂ ಪ್ಲಗ್ ಬಿಚ್ಚಿರಬೇಕು, ಫ್ಯೂಯಲ್ ಪಂಪಿನ ಫ್ಯೂಸ್ ತೆಗೆದಿರಬೇಕು, ಥ್ರಾಟಲ್ ಪೂರ್ತಿ ತೆರೆದಿರಬೇಕು. ಅಕ್ಕಪಕ್ಕದ ಎರಡು ಸಿಲಿಂಡರುಗಳು ಒಟ್ಟಿಗೇ ಕಡಿಮೆ ತೋರಿಸಿದರೆ ಅವೆರಡರ ನಡುವೆ ಗ್ಯಾಸ್ಕೆಟ್ (ಹೆಡ್ ಮತ್ತು ಅದರ ಕೆಳಗಿನ ಒಡಲಿನ ನಡುವಿನ ಸೀಲು) ಸುಟ್ಟಿದೆ.

ಹೆಡ್ ಬಿಚ್ಚಲೇಬೇಕಾಗಿ ಬಂದರೆ ಒಂದು ವಿಷಯ ಮೊದಲೇ ಗೊತ್ತಿರಲಿ. ಎಂ54ರ ಬ್ಲಾಕ್ (ಸಿಲಿಂಡರುಗಳಿರುವ ಮುಖ್ಯ ಒಡಲು) ಅಲ್ಯೂಮಿನಿಯಂ, ಸಿಲಿಂಡರಿನ ಒಳಪದರವಾದ ಲೈನರ್ ಮಾತ್ರ ಎರಕದ ಕಬ್ಬಿಣ. ವಿಪರೀತ ಹೀಟ್ ಆದಾಗ ಹೆಡ್ ಬೋಲ್ಟ್ ಹಿಡಿದಿಟ್ಟ ಥ್ರೆಡ್ಡುಗಳು ಸೊರಗುತ್ತವೆ, ಅದರಲ್ಲೂ ಹಿಂದಿನ ಸಿಲಿಂಡರುಗಳ ಬಳಿ. ಬೋಲ್ಟ್ ಬಿಚ್ಚಿದಾಗ ಅದಕ್ಕೆ ಸುತ್ತಿಕೊಂಡು ಅಲ್ಯೂಮಿನಿಯಂ ಎಳೆ ಬಂದರೆ ಆ ರಂಧ್ರಕ್ಕೆ ಉಕ್ಕಿನ ಥ್ರೆಡ್ ಇನ್ಸರ್ಟ್ ಹಾಕದೆ ಮುಂದುವರಿಯಬಾರದು. ಹೊಸ ಗ್ಯಾಸ್ಕೆಟ್ ಹಾಕಿಯೂ ಮತ್ತೆ ಸೋರಿತು ಎಂಬ ದೂರುಗಳ ಹಿಂದೆ ಬಹುಪಾಲು ಇರುವುದು ಇದೇ. ಹೆಡ್ಡನ್ನು ಲೇತ್‌ಗೆ ಕೊಡುವಾಗ ಫೇಸಿಂಗ್ (ಮೇಲ್ಮೈ ಸಮ ಮಾಡುವುದು) ಜೊತೆಗೆ ಬಿರುಕಿನ ಪ್ರೆಷರ್ ಟೆಸ್ಟನ್ನೂ ಮಾಡಿಸಿ. ಫೇಸಿಂಗ್‌ನಲ್ಲಿ ಲೋಹ ಹೋಗಿದ್ದರೆ ಮೂಲದ್ದಕ್ಕಿಂತ 0.3 ಮಿ.ಮೀ. ಹೆಚ್ಚು ದಪ್ಪದ ಗ್ಯಾಸ್ಕೆಟ್ ಸಿಗುತ್ತದೆ, ಅದನ್ನೇ ತರಿಸಿ.

14 ಬೋಲ್ಟ್‌ಗಳೂ ಹೊಸವೇ ಆಗಬೇಕು; ಅವು ಒಮ್ಮೆ ಹಿಗ್ಗಿದರೆ ಮುಗಿಯಿತು. ಮಧ್ಯದಿಂದ ಹೊರಕ್ಕೆ, ಮೊದಲು 40 ನ್ಯೂಟನ್ ಮೀಟರ್, ಆಮೇಲೆ 90 ಡಿಗ್ರಿ, ಮತ್ತೆ 90 ಡಿಗ್ರಿ. ಬೋಲ್ಟ್ ರಂಧ್ರಗಳಲ್ಲಿ ಎಣ್ಣೆಯೋ ನೀರೋ ನಿಂತಿದ್ದರೆ ಗಾಳಿ ಹೊಡೆದು ಒಣಗಿಸಿ, ಇಲ್ಲವಾದರೆ ಬಿಗಿಯುವಾಗ ಒಳಗಿನ ದ್ರವವೇ ಬ್ಲಾಕನ್ನು ಸೀಳಬಹುದು. ಕ್ಯಾಮ್ (ವಾಲ್ವ್‌ಗಳನ್ನು ತೆರೆದು ಮುಚ್ಚುವ ಶಾಫ್ಟ್) ಲಾಕ್ ಮಾಡುವ ಟೂಲ್ ಇಲ್ಲದೆ ‘ಮಾರ್ಕ್ ಹಾಕಿಕೊಂಡು’ ಟೈಮಿಂಗ್ ಕೂರಿಸುತ್ತೇನೆ ಎನ್ನುವವರಿಗೆ ಈ ಕೆಲಸ ಕೊಡಬೇಡಿ. ಎರಡೂ ಕ್ಯಾಮ್‌ಗಳಿಗೆ ವ್ಯಾನೋಸ್ (ಓಡುವಾಗಲೇ ಕ್ಯಾಮ್ ಟೈಮಿಂಗ್ ಬದಲಿಸುವ ವ್ಯವಸ್ಥೆ) ಇರುವ ಈ ಎಂಜಿನ್‌ನಲ್ಲಿ ಮಾರ್ಕ್ ನಂಬಿದರೆ ಐಡ್ಲಿಂಗ್ ಕೆಡುತ್ತದೆ, ಚೆಕ್ ಎಂಜಿನ್ ದೀಪ ಆರುವುದಿಲ್ಲ.

ಕೂಲಂಟ್ ತುಂಬುವುದೂ ಅರ್ಧಂಬರ್ಧ ಮಾಡುವ ಕೆಲಸವಲ್ಲ. ಒಟ್ಟು ಸುಮಾರು 8.4 ಲೀಟರ್ ಹಿಡಿಯುತ್ತದೆ. ನೀಲಿ ಬಣ್ಣದ ಬಿಎಂಡಬ್ಲ್ಯೂ ಕೂಲಂಟ್ ಅರ್ಧ, ಡಿಸ್ಟಿಲ್ಡ್ ವಾಟರ್ ಅರ್ಧ. ಬೋರ್‌ವೆಲ್ ನೀರು ಬೇಡವೇ ಬೇಡ, ಅದರ ಸುಣ್ಣ ರೇಡಿಯೇಟರಿನ ಸಣ್ಣ ನಾಳಗಳಲ್ಲಿ ಕಟ್ಟುತ್ತದೆ. ಕಾರಿನ ಮೂತಿ ಎತ್ತರಿಸಿ, ಇಗ್ನಿಷನ್ ಆನ್ ಮಾಡಿ, ಹೀಟರ್ ಗರಿಷ್ಠ ಬಿಸಿಗೆ, ಬ್ಲೋಯರ್ ಕನಿಷ್ಠಕ್ಕೆ ಇಡಿ. ಟ್ಯಾಂಕ್ ಪಕ್ಕದ ಬ್ಲೀಡ್ ಸ್ಕ್ರೂ ಸಡಿಲಿಸಿ, ಗುಳ್ಳೆ ನಿಲ್ಲುವವರೆಗೆ ನಿಧಾನವಾಗಿ ಸುರಿಯಿರಿ. ಆ ಸ್ಕ್ರೂ ಪ್ಲಾಸ್ಟಿಕ್ಕಿನದು, ಬಲ ಹಾಕಿದರೆ ಮುರಿಯುತ್ತದೆ.

ಡ್ಯಾಶ್‌ಬೋರ್ಡಿನ ಟೆಂಪರೇಚರ್ ಮುಳ್ಳನ್ನು ನಂಬಿ ಕೂರಬೇಡಿ. ಅಂದಾಜು 75ರಿಂದ 115 ಡಿಗ್ರಿಯವರೆಗೂ ಅದು ನಡುವಿನಲ್ಲೇ ನಿಲ್ಲುವಂತೆ ಕಂಪನಿಯೇ ಮಾಡಿಟ್ಟಿದೆ. ಮುಳ್ಳು ಅಲುಗಿತು ಎಂದರೆ ಆಗಲೇ ತಡವಾಗಿದೆ. ಒಬಿಡಿ (ದೋಷ ಪತ್ತೆಯ) ಪೋರ್ಟಿಗೆ ಸಣ್ಣ ರೀಡರ್ ಚುಚ್ಚಿ ಮೊಬೈಲಿನಲ್ಲಿ ನಿಜವಾದ ಅಂಕಿ ನೋಡುತ್ತಿರಿ.

ಇಷ್ಟೆಲ್ಲ ಯಾಕೆಂದರೆ, ಗುಜರಿಯಿಂದ ತರುವ ಎಂಜಿನ್ನೂ ಇಷ್ಟೇ ವಯಸ್ಸಿನದು. ಅದು ಹಿಂದೆ ಹೀಟ್ ಆಗಿತ್ತೋ, ಅದರ ಬ್ಲಾಕಿನ ಥ್ರೆಡ್ ಹೇಗಿದೆಯೋ ಹೆಡ್ ಬಿಚ್ಚದೆ ಯಾರೂ ಹೇಳಲಾರರು. ನಿಮ್ಮ ಎಂಜಿನ್‌ನ ಚರಿತ್ರೆಯಾದರೂ ನಿಮಗೆ ಗೊತ್ತು.

ಪ್ರಶ್ನೆ: 2002ರ 530ಐ (ಇ39). ಸಿಗ್ನಲ್ಲಿನಲ್ಲಿ ನಿಂತು ಹೊರಟಾಗ ನೀಲಿ ಹೊಗೆ; ಆಯಿಲ್ ಬೇಗ ಕಡಿಮೆಯಾಗುತ್ತದೆ. ಬೋರ್ (ಸಿಲಿಂಡರ್ ಕೊರೆತ) ಮಾಡಿಸಬೇಕೇ? — ಮಂಗಳೂರು

ಉತ್ತರ: ಮೊದಲು ಇನ್‌ಟೇಕ್ ಮ್ಯಾನಿಫೋಲ್ಡಿನ ಕೆಳಗೆ ಅಡಗಿರುವ ಕ್ರ್ಯಾಂಕ್‌ಕೇಸ್ ಗಾಳಿ ವಾಲ್ವನ್ನು ನೋಡಿಸಿ. ಎಂಜಿನ್ ಐಡ್ಲಿಂಗ್‌ನಲ್ಲಿರುವಾಗ ಆಯಿಲ್ ಮುಚ್ಚಳ ಎತ್ತಿ. ಮುಚ್ಚಳ ಬಲವಾಗಿ ಒಳಕ್ಕೆ ಎಳೆದುಕೊಂಡಿದ್ದರೆ ವಾಲ್ವಿನ ಒಳಪರದೆ ಹರಿದಿದೆ, ಎಂಜಿನ್ ತನ್ನ ಆಯಿಲನ್ನು ತಾನೇ ಹೀರಿ ಸುಡುತ್ತಿದೆ. ಸರಿಯಾದ ಎಳೆತ ಸುಮಾರು 10ರಿಂದ 15 ಮಿಲಿಬಾರ್ ಮಾತ್ರ. ವಾಲ್ವ್ ಬದಲಿಸುವಾಗ ಅದರ ಹೋಸ್‌ಗಳನ್ನೂ ಸೇರಿಸಿ ಹಾಕಿ, ಹಳೆಯವು ಮುಟ್ಟಿದರೇ ಮುರಿಯುತ್ತವೆ. ಡಿಪ್‌ಸ್ಟಿಕ್ ಕೊಳವೆಗೆ ಆಯಿಲ್ ಮರಳುವ ಸಣ್ಣ ದಾರಿ ಕೊಳೆ ಕಟ್ಟಿದ್ದರೆ ಶುಚಿ ಮಾಡದೆ ಜೋಡಿಸಬೇಡಿ.

ಇದಾದ ಮೇಲೂ ಹೊಗೆ ಬಂದರೆ ಅದು ಬರುವ ಹೊತ್ತನ್ನು ಗಮನಿಸಿ. ಐಡ್ಲಿಂಗ್ ನಂತರ ಮಾತ್ರ ಒಂದು ಮೋಡ ಬಂದು ನಿಂತರೆ ವಾಲ್ವ್ ಸೀಲುಗಳು. ಹೆಡ್ ಬಿಚ್ಚದೆ ಸಿಲಿಂಡರಿಗೆ ಗಾಳಿಯ ಒತ್ತಡ ಕೊಟ್ಟು ಬದಲಿಸಬಹುದು. ಓಡುವಾಗೆಲ್ಲ ಹೊಗೆಯಿದ್ದು ಕಂಪ್ರೆಷನ್ ಚೆನ್ನಾಗಿದ್ದರೆ ಆಯಿಲ್ ರಿಂಗ್ ಕಾರ್ಬನ್ ಹಿಡಿದು ಕಚ್ಚಿಕೊಂಡಿದೆ. ಅದಕ್ಕೆ ಹೊಸ ರಿಂಗ್ ಬೇಕು, ಬೋರ್ ಬೇಡ.

ಪ್ರಶ್ನೆ: ಚೆನ್ನೈನಲ್ಲಿ ತಯಾರಾದ ಇ90 320ಡಿ ಕೊಳ್ಳಬೇಕೆಂದಿದ್ದೇನೆ. ಟೈಮಿಂಗ್ ಚೈನ್ (ಕ್ಯಾಮ್ ತಿರುಗಿಸುವ ಸರಪಳಿ) ಸದ್ದಿನ ಭಯ ಎಷ್ಟು ನಿಜ? — ಹುಬ್ಬಳ್ಳಿ

ಉತ್ತರ: ಪೂರ್ತಿ ನಿಜ, ಆದರೆ ಎಲ್ಲ 320ಡಿಗಳಿಗೂ ಅಲ್ಲ. 2007ರಲ್ಲಿ ಚೆನ್ನೈ ಘಟಕ ಶುರುವಾದಾಗಿನ 163 ಎಚ್‌ಪಿ ಕಾರುಗಳಲ್ಲಿ ಎಂ47 ಎಂಜಿನ್. ಅದರ ಚೈನ್ ಮುಂದಿದೆ, ಕಾಟ ಕೊಡುವುದು ಮ್ಯಾನಿಫೋಲ್ಡಿನ ಸ್ವರ್ಲ್ ಫ್ಲಾಪ್‌ಗಳು (ಒಳಬರುವ ಗಾಳಿಯನ್ನು ಸುಳಿಸುವ ಸಣ್ಣ ಕದಗಳು). ಆಮೇಲೆ ಬಂದ 177 ಎಚ್‌ಪಿಯದು ಎನ್47. ಇದರ ಚೈನ್ ಎಂಜಿನ್ನಿನ ಹಿಂಬದಿ, ಗೇರ್‌ಬಾಕ್ಸ್ ಕಡೆಗಿದೆ. ಚೈನ್ ಕಡಿದರೆ ವಾಲ್ವ್ ಪಿಸ್ಟನ್ನಿಗೆ ಬಡಿಯುತ್ತದೆ, ಎಂಜಿನ್ ಮುಗಿದಂತೆಯೇ. ವರ್ಷ ನೋಡಿ ಲೆಕ್ಕ ಹಾಕದೆ ಛಾಸಿ ನಂಬರಿನಿಂದ ಎಂಜಿನ್ ಯಾವುದೆಂದು ಖಚಿತಪಡಿಸಿಕೊಳ್ಳಿ.

ತಣ್ಣನೆಯ ಎಂಜಿನ್ ಸ್ಟಾರ್ಟ್ ಮಾಡಿಸಿ, ಬಾನೆಟ್ಟಿನ ಹಿಂಭಾಗದಲ್ಲಿ, ಕ್ಯಾಬಿನ್ ಗೋಡೆಯ ಹತ್ತಿರ ಕಿವಿಗೊಡಿ. 1500ರಿಂದ 2000 ಆರ್‌ಪಿಎಂ ನಡುವೆ ಲೋಹ ಉಜ್ಜುವ ಸದ್ದು ಕೇಳಿದರೆ ಆ ಕಾರು ಬಿಡಿ. ಮೊದಲ ವರ್ಷಗಳ ಎನ್47ರಲ್ಲಿ ಚೈನ್ ಕಚ್ಚುವ ಹಲ್ಲು ಕ್ರ್ಯಾಂಕ್‌ಶಾಫ್ಟಿಗೇ ಸೇರಿದ್ದು. ಹಲ್ಲು ಸವೆದಿದ್ದರೆ ಬರೀ ಚೈನ್ ಕಿಟ್ ಹಾಕಿ ಪ್ರಯೋಜನವಿಲ್ಲ, ಕ್ರ್ಯಾಂಕನ್ನೇ ಬದಲಿಸಬೇಕು. ಬೇರೆ ಎಂಜಿನ್ ಕೂರಿಸಿದರೆ ಇಂಜೆಕ್ಟರುಗಳ ಮೇಲೆ ಬರೆದಿರುವ ಕೋಡನ್ನು ಇಸಿಯುಗೆ (ಎಂಜಿನ್ನಿನ ಕಂಪ್ಯೂಟರಿಗೆ) ತುಂಬಿಸಲು ಮರೆಯಬೇಡಿ. ಆಯಿಲ್ ಬಿಎಂಡಬ್ಲ್ಯೂನ ಎಲ್ಎಲ್04 ದರ್ಜೆಯದು, 5.2 ಲೀಟರ್. ಕಂಪ್ಯೂಟರ್ ಕೇಳುವವರೆಗೆ ಕಾಯದೆ 10,000 ಕಿ.ಮೀ.ಗೆ ಬದಲಿಸಿ.

ಪ್ರಶ್ನೆ: ಸ್ಟುಟ್‌ಗಾರ್ಟ್‌ನಲ್ಲಿದ್ದೇನೆ. 1989ರ ಇ30 318ಐಗೆ ಆರು ಸಿಲಿಂಡರಿನ ಎಂ50 ಎಂಜಿನ್ ಹಾಕಬೇಕೆಂಬ ಆಸೆ. ಎಲ್ಲಿ ಎಡವುತ್ತಾರೆ?

ಉತ್ತರ: ಬೋಲ್ಟ್ ಬಿಗಿಯುವಲ್ಲಿ ಯಾರೂ ಎಡವುವುದಿಲ್ಲ. ಚಿಲ್ಲರೆ ಭಾಗಗಳಲ್ಲಿ, ವೈರಿಂಗ್‌ನಲ್ಲಿ ಸಿಕ್ಕಿಕೊಳ್ಳುತ್ತಾರೆ. ಎಂ50 ಬಿ25 ಅಂದರೆ 2494 ಸಿಸಿ, 192 ಎಚ್‌ಪಿ, 245 ನ್ಯೂಟನ್ ಮೀಟರ್. ನಿಮ್ಮ ಕಾರಿನ ಬ್ರೇಕ್, ರೇಡಿಯೇಟರ್, ಡಿಫರೆನ್ಷಿಯಲ್ ಯಾವುದೂ ಅದಕ್ಕೆ ಸಾಲದು. ಇ30 325ಐ ಭಾಗಗಳನ್ನು ಮೊದಲೇ ಹೊಂದಿಸಿಕೊಳ್ಳಿ.

ಎಂಜಿನ್ನನ್ನು ಇ36ರಿಂದ ತೆಗೆಯುವ ಬದಲು ಒಂದು ಇಡೀ ಇ34 525ಐ ಕೊಳ್ಳುವುದು ಜಾಣತನ. ಇ30ರ ಮುಂದಿನ ಸಬ್‌ಫ್ರೇಮ್‌ಗೆ ತಾಗದೆ ಕೂರುವುದು ಇ34ರ ಆಯಿಲ್ ಸಂಪು (ಎಂಜಿನ್ ತಳದ ಆಯಿಲ್ ತೊಟ್ಟಿ). ಸಂಪಿನ ಜೊತೆಗೆ ಅದರದೇ ಪಿಕಪ್ ಕೊಳವೆ, ಡಿಪ್‌ಸ್ಟಿಕ್ ಬೇಕು. ಇಸಿಯು, ವೈರಿಂಗ್ ಕೂಡ ಅದೇ ಕಾರಿನವಾದರೆ ತಲೆನೋವು ಅರ್ಧ ಇಳಿಯುತ್ತದೆ. 1992ರ ಸೆಪ್ಟೆಂಬರ್‌ಗೆ ಮುಂಚಿನ ಎಂಜಿನ್‌ನಲ್ಲಿ ವ್ಯಾನೋಸ್ ಇಲ್ಲ, ಮೋಟ್ರಾನಿಕ್ 3.1 ಇಸಿಯು ಇದೆ; ತನ್ನದೇ ಕೀಲಿಯಿಲ್ಲದೆ ಸ್ಟಾರ್ಟ್ ಆಗದಂತೆ ತಡೆಯುವ ಇಮ್ಮೊಬಿಲೈಸರ್ ರಗಳೆಯೂ ಇಲ್ಲ. ಸ್ವಾಪ್‌ಗೆ (ಎಂಜಿನ್ ಬದಲಾವಣೆಗೆ) ಇದೇ ನಮ್ಮ ಆಯ್ಕೆ.

ಸಂಪು ಬಿಚ್ಚಿರುವಾಗಲೇ ಆಯಿಲ್ ಪಂಪಿನ ಸ್ಪ್ರಾಕೆಟ್ ನಟ್ಟಿಗೆ ತಂತಿ ಬಿಗಿಯಿರಿ. ಅದು ಎಡಥ್ರೆಡ್ಡಿನ ನಟ್ಟು, ಹೆಚ್ಚು ಆರ್‌ಪಿಎಂನಲ್ಲಿ ಸಡಿಲವಾಗಿ ಕಳಚಿಕೊಂಡರೆ ಆಯಿಲ್ ಒತ್ತಡ ಸೊನ್ನೆ. ಎಂಜಿನ್ ಕಾರಿನಲ್ಲಿ ಕೂರಿಸಿದ ಮೇಲೆ ಈ ಕೆಲಸ ಆಗುವುದಿಲ್ಲ.

ಎಡಗಡೆ ಸ್ಟಿಯರಿಂಗ್ ಕಾರಿನಲ್ಲಿ ಇನ್‌ಟೇಕ್ ಮ್ಯಾನಿಫೋಲ್ಡ್ ಬ್ರೇಕ್ ಬೂಸ್ಟರಿಗೆ ಗುದ್ದುತ್ತದೆ, ಚಿಕ್ಕ ಬೂಸ್ಟರ್ ಬೇಕಾಗುತ್ತದೆ. ಪ್ರೊಪೆಲ್ಲರ್ ಶಾಫ್ಟಿನ ಅಳತೆಯನ್ನು ಎಂಜಿನ್, ಗೇರ್‌ಬಾಕ್ಸ್ ಕೂತ ಮೇಲೇ ತೆಗೆದುಕೊಂಡು, ಕತ್ತರಿಸಿ ಬ್ಯಾಲೆನ್ಸ್ ಮಾಡಿಸಿ. ದುಂಡನೆಯ 20 ಪಿನ್ನಿನ ಕನೆಕ್ಟರ್ ಎರಡೂ ಕಾರಿನಲ್ಲಿದೆ, ನೋಡಲು ಒಂದೇ. ಪಿನ್‌ಗಳ ಕ್ರಮ ಬೇರೆ. ನೇರ ಚುಚ್ಚಿದರೆ ಏನಾದರೊಂದು ಸುಡುತ್ತದೆ. ಎರಡೂ ಕಾರಿನ ವೈರಿಂಗ್ ನಕ್ಷೆ ಪಕ್ಕಪಕ್ಕ ಇಟ್ಟು ಸ್ಟಾರ್ಟರ್, ಚಾರ್ಜಿಂಗ್, ಆಯಿಲ್ ದೀಪ, ಟೆಂಪರೇಚರ್, ಟ್ಯಾಕೋ (ಆರ್‌ಪಿಎಂ ಮೀಟರ್), ಪಂಪ್ ರಿಲೇ ತಂತಿಗಳನ್ನು ಒಂದೊಂದಾಗಿ ಹೊಂದಿಸಿ. ಮೀಟರ್ ಬೋರ್ಡಿನ ಹಿಂದಿರುವ ಕೋಡಿಂಗ್ ಪ್ಲಗ್ಗನ್ನು ಆರು ಸಿಲಿಂಡರಿನದಕ್ಕೆ ಬದಲಿಸದಿದ್ದರೆ ಟ್ಯಾಕೋ ತಪ್ಪು ತೋರಿಸುತ್ತದೆ.

ಜರ್ಮನಿಯಲ್ಲಿ ಇದಕ್ಕೆ ಆ ಒಂದು ಕಾರಿಗೆಂದೇ ತಜ್ಞ ಪರಿಶೀಲಕರ ಪ್ರತ್ಯೇಕ ಅನುಮೋದನೆ ಬೇಕು. ಕೆಲಸ ಶುರುಮಾಡುವ ಮೊದಲೇ ಅವರನ್ನು ಕಂಡು ಯಾವ ಬ್ರೇಕ್, ಯಾವ ಎಕ್ಸಾಸ್ಟ್ ಒಪ್ಪುತ್ತಾರೆ ಎಂದು ಬರೆಸಿಕೊಳ್ಳಿ. 30 ವರ್ಷ ದಾಟಿದ ಕಾರಿನ ‘ಎಚ್’ ನಂಬರ್ ಪ್ಲೇಟ್ ಬೇಕಿದ್ದರೆ ಆ ಕಾಲಕ್ಕೆ ಹೊಂದುವ ಬದಲಾವಣೆಯೇ ಆಗಿರಬೇಕು. 1989ರ ಕಾರಿಗೆ 1990ರ ದಶಕದ ಆರಂಭದ ಎಂ50 ಈ ಲೆಕ್ಕದಲ್ಲಿ ಅನುಕೂಲ.

ಪ್ರಶ್ನೆ: ನನ್ನ ಇ46 325ಐಗೆ 330ಐ ಎಂಜಿನ್ ಹಾಕಬಹುದೇ? — ಮೈಸೂರು

ಉತ್ತರ: ಯಾಂತ್ರಿಕವಾಗಿ ಇದಕ್ಕಿಂತ ಸುಲಭದ ಸ್ವಾಪ್ ಇಲ್ಲ. ಮೌಂಟ್, ಗೇರ್‌ಬಾಕ್ಸ್ ಜೋಡಣೆ ಒಂದೇ. ನಿಮ್ಮದೇ ಎಂಎಸ್43 ಇಸಿಯು ಉಳಿಸಿಕೊಂಡು ಅದಕ್ಕೆ 330ಐ ಡೇಟಾ ಹಾಕಿಸಿದರೆ ಕೀಲಿಯ ಜೋಡಿಯೂ ಕೆಡುವುದಿಲ್ಲ. ಇನ್‌ಟೇಕ್ ಮಾತ್ರ 330ಐಯದೇ ಇರಲಿ.

ತೊಡಕಿರುವುದು ಆರ್‌ಸಿಯಲ್ಲಿ. 2494 ಸಿಸಿ ಇದ್ದದ್ದು 2979 ಸಿಸಿ ಆಗುತ್ತದೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಆರ್‌ಸಿಯ ವಿವರ ತಯಾರಕರು ಕೊಟ್ಟದ್ದಕ್ಕಿಂತ ಬೇರೆಯಾಗುವಂತೆ ವಾಹನ ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿಹಿಡಿದಿದೆ. ಅಪಘಾತವಾದರೆ ವಿಮೆಯವರು ಮೊದಲು ನೋಡುವುದು ಎಂಜಿನ್ ನಂಬರ್. ಅದೇ 2.5 ಲೀಟರ್ ಎಂ54 ಹಾಕುವುದಾದರೂ ಎಂಜಿನ್ ಕೊಂಡ ಬಿಲ್ ಇಟ್ಟುಕೊಂಡು, ಕೆಲಸಕ್ಕೆ ಮೊದಲೇ ಆರ್‌ಟಿಒ ಅನುಮತಿ ಪಡೆದು, ಹೊಸ ನಂಬರನ್ನು ಆರ್‌ಸಿಗೆ ಸೇರಿಸಿಕೊಳ್ಳಿ.