ಚೀಟಿಯಲ್ಲಿ ಇಲ್ಲದ ಹೆಸರು

ವಿಜಯಪುರದಲ್ಲಿ ನನ್ನ ಬಳಿ ಆಪ್ತಸಲಹೆಗೆ ಈ ಸಲ ಬಂದವರು ಮನೋವೈದ್ಯಕೀಯದ ಸ್ನಾತಕೋತ್ತರ ವಿದ್ಯಾರ್ಥಿ. ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ. ಅವರು ನೋಡುತ್ತಿದ್ದ 16 ವರ್ಷದ ಪಿಯುಸಿ ಹುಡುಗಿ ಒಂದೂವರೆ ವರ್ಷದಿಂದ ಮುಂಗೈಗೆ ಗಾಯ ಮಾಡಿಕೊಳ್ಳುತ್ತಿದ್ದಳು. ಬೆಳಿಗ್ಗೆ ಜೀವದ ಗೆಳತಿಯಾಗಿದ್ದವಳು ಸಂಜೆ ಫೋನ್ ಎತ್ತದಿದ್ದರೆ ವೈರಿಯಾಗುತ್ತಿದ್ದಳು. ತಾಸಿಗೊಂದು ಬಗೆಯ ಮನಸ್ಸು, ಒಳಗೆಲ್ಲ ಬರಿದೆಂಬ ಮಾತು. ‘ಈಕಿ ಬೇಕಂತನ ಮಾಡ್ತಾಳ್ರಿ ಡಾಕ್ಟ್ರ’ ಎಂದು ಅವ್ವ ಹೇಳಿದ್ದನ್ನು ಈ ವೈದ್ಯರೂ ಒಳಗೊಳಗೇ ಒಪ್ಪತೊಡಗಿದ್ದರು. ಪ್ರತಿ ಬಿಕ್ಕಟ್ಟಿಗೆ ಒಂದರಂತೆ ಚೀಟಿಯಲ್ಲಿ ನಾಲ್ಕು ಮಾತ್ರೆಗಳು ಸೇರಿದ್ದವು, ಕಾಯಿಲೆಯ ಜಾಗದಲ್ಲಿ ಮಾತ್ರ ‘ಖಿನ್ನತೆ?’ ಎಂದಿತ್ತು.

ಹದಿನೆಂಟು ತುಂಬದವರಿಗೆ ವ್ಯಕ್ತಿತ್ವ ದೋಷವೆಂದು ಬರೆಯಬಾರದಲ್ಲವೇ ಎಂದು ಕೇಳಿದರು. ಆ ವಯಸ್ಸಿನ ಕಟ್ಟು ಇರುವುದು ಸಮಾಜವಿರೋಧಿ ವ್ಯಕ್ತಿತ್ವ ದೋಷಕ್ಕೆ. ಈ ಹುಡುಗಿಯಲ್ಲಿ ಕಾಣುವಂತೆ ಮನಸ್ಸು, ಸಂಬಂಧಗಳು ಪದೇ ಪದೇ ಏರುಪೇರಾಗುವ ಬಾರ್ಡರ್‌ಲೈನ್ ವ್ಯಕ್ತಿತ್ವ ದೋಷದ 9 ಲಕ್ಷಣಗಳಲ್ಲಿ 5 ಇದ್ದು, ಅವು ಕನಿಷ್ಠ 1 ವರ್ಷ ಉಳಿದಿದ್ದರೆ ಹದಿಹರೆಯದಲ್ಲೂ ಹೆಸರಿಸಲು ಮನೋರೋಗಗಳನ್ನು ಗುರುತಿಸುವ ಅಮೆರಿಕದ ಕೈಪಿಡಿ ಡಿಎಸ್‌ಎಂ-5 ಅವಕಾಶ ಕೊಡುತ್ತದೆ. ಹಣೆಪಟ್ಟಿ ಬೇಡವೆಂಬ ಅವರ ಕಾಳಜಿ ಸಣ್ಣದಲ್ಲ; ಆದರೆ ವೈದ್ಯರು ಹೆಸರಿಡದ ಆ ಹುಡುಗಿಗೆ ವಾರ್ಡಿನವರು ಆಗಲೇ ‘ನಾಟಕದಾಕಿ’ ಎಂದು ಹೆಸರಿಟ್ಟಾಗಿತ್ತು.

ಅವರಿಗೆ ಕಲಿಸುವ ಹಿರಿಯ ವೈದ್ಯರು, ಅಂದರೆ ಗೈಡ್, ಒಪ್ಪಿದ ಮೇಲೆ ರೋಗದ ಹೆಸರನ್ನು ತಾಯಿ-ಮಗಳಿಬ್ಬರಿಗೂ ತಿಳಿಗನ್ನಡದಲ್ಲಿ ಹೇಳಿ ಎಂದೆ. ಈ ದೋಷವನ್ನೇ ಗುಣಪಡಿಸುವ ಮಾತ್ರೆಯಿಲ್ಲ. ಆದ್ದರಿಂದ ಗೈಡ್ ಜತೆ ಕುಳಿತು, ಬೇಡದವನ್ನು ಒಂದೊಂದಾಗಿ ನಿಧಾನಕ್ಕೆ ಇಳಿಸಬೇಕು. ಹುಡುಗಿಯದು ದ್ರಾಕ್ಷಿ ತೋಟದ ಮನೆ, ಬೆಳೆಗೆ ಹೊಡೆಯುವ ಕೀಟನಾಶಕದ ಡಬ್ಬಿಗಳು ಪಡಸಾಲೆಯಲ್ಲೇ ಇರುತ್ತವೆ. ಅವಕ್ಕೆ ಅಂದೇ ಬೀಗ ಬೀಳಬೇಕು, ರಾತ್ರಿಯ ಹೊತ್ತಿಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ 14416 ಗೋಡೆಯ ಮೇಲಿರಬೇಕು. ಗಾಯವಾದಾಗ ಮಾತ್ರ ಭೇಟಿ ಸಿಗುತ್ತದೆಂದರೆ ಗಾಯವೇ ಭೇಟಿಯ ದಾರಿಯಾಗುತ್ತದೆ; ಹಾಗಾಗದಂತೆ ವಾರಕ್ಕೊಂದು ನಿಗದಿತ ವೇಳೆ ಕೊಡಿ ಎಂದೆ.

ಹೆಚ್ಚು ಹೊತ್ತು ಮಾತಾಡಿದ್ದು ವೈದ್ಯರ ಸಿಟ್ಟಿನ ಬಗ್ಗೆ. ‘ಆಕೆಯ ಕೇಸ್‌ಶೀಟ್ ನೋಡಿದರೆ ಸಾಕು, ಹೊಟ್ಟೆ ಬಿಗಿಯುತ್ತದೆ’ ಎಂದರು. ಇದನ್ನು ದೌರ್ಬಲ್ಯವೆಂದು ಅಡಗಿಸಬೇಕಿಲ್ಲ. ಇಂಥ ದೋಷಕ್ಕೆಂದು ಅಮೆರಿಕದ ಮನಶ್ಶಾಸ್ತ್ರಜ್ಞೆ ಮಾರ್ಷಾ ಲೈನಹಾನ್ ರೂಪಿಸಿದ ಮಾತಿನ ಚಿಕಿತ್ಸೆ, ಡಯಲೆಕ್ಟಿಕಲ್ ಬಿಹೇವಿಯರ್ ಥೆರಪಿಯಲ್ಲಿ ಚಿಕಿತ್ಸಕರು ಒಟ್ಟಿಗೆ ಕೂತು ತಮ್ಮ ದಣಿವನ್ನು ಬಿಚ್ಚಿಡುವ ಸಭೆ ಚಿಕಿತ್ಸೆಯದೇ ಒಂದು ಅಂಗ. ನಮ್ಮ ಕಡೆ ಅಂಥ ಪೂರ್ಣ ತಂಡ ಸಿಗುವುದು ಕಷ್ಟ. ಗೈಡ್, ವಾರ್ಡಿನ ಸಿಸ್ಟರ್, ಇವರು, ಮೂವರು ವಾರಕ್ಕೆ ಅರ್ಧ ತಾಸು ಕೂತರೂ ನಡೆಯುತ್ತದೆ. ಔಷಧದ ಪ್ರಮಾಣ ಪುಸ್ತಕದಿಂದ ತಿಳಿಯಬಹುದು, ಬೈಸಿಕೊಂಡ ಮರುವಾರವೂ ಅದೇ ವೇಳೆಗೆ ಅದೇ ಕುರ್ಚಿಯಲ್ಲಿ ಕೂರುವುದನ್ನು ಹೀಗೆಯೇ ಕಲಿಯಬೇಕು.

ಎರಡು ತಿಂಗಳ ಮೇಲೆ ಬಂದರು. ಹುಡುಗಿ ನಡುವೆ ಒಮ್ಮೆ ಗಾಯ ಮಾಡಿಕೊಂಡಿದ್ದಳು. ಹೊಸ ಮಾತ್ರೆ ಬರೆದಿರಲಿಲ್ಲ. ಹೆಸರು ಕೇಳಿದ ದಿನ ಅವಳು, ‘ಹಂಗಾದ್ರ ನಾ ಒಬ್ಬಾಕಿನ ಅಲ್ಲ?’ ಎಂದು ಕೇಳಿ, ಆ ಹೆಸರನ್ನು ಚೀಟಿಯ ಹಿಂದೆ ಬರೆಸಿಕೊಂಡು ಹೋದಳಂತೆ.