ಗೋಲು ಬರ್ತಿಲ್ಲ ಅಂತ ಅಣ್ಣನ್ನ ಕೂರಿಸ್ಬೇಕಾ?

ಸಕಲೇಶಪುರದ ಓದುಗರೊಬ್ರು ಬರ್ದಿದ್ದಾರೆ. ಅವ್ರ ಹಾಕಿ ಟೀಮಲ್ಲಿ ಹುಡುಗ್ರೆಲ್ಲ ಅಣ್ಣ ಅಂತ ಕರೆಯೋ ಫಾರ್ವರ್ಡ್ ಒಬ್ರಿದ್ದಾರೆ, ವಯಸ್ಸು 37, ಈ ವರ್ಷ ಒಂದು ಫೀಲ್ಡ್ ಗೋಲೂ (ಪೆನಾಲ್ಟಿ ಇಲ್ದೆ ಆಡ್ತಾ ಆಡ್ತಾ ಹೊಡೆಯೋ ಗೋಲು) ಬಂದಿಲ್ಲ, ಹುಡುಗ್ರು ಗೊಣಗ್ತಿದ್ದಾರೆ, ಕೂರಿಸ್ಬೇಕಾ ಬೇಡ್ವಾ ಅಂತ.

ಕೂರಿಸ್ಬೇಡಿ ಸಾರ್. ಆದ್ರೆ ಈಗ ಆಡಿಸ್ತಿರೋ ಹಾಗೂ ಆಡಿಸ್ಬೇಡಿ.

ನಿಮ್ಮೂರಿಂದ ಕೊಡ್ಲಿಪೇಟೆ, ಶನಿವಾರಸಂತೆ ದಾಟಿದ್ರೆ ಸೋಮವಾರಪೇಟೆ, ಅಲ್ಲಿಯವ್ರೇ ಎಸ್.ವಿ. ಸುನಿಲ್. ಇಂಡಿಯಾಗೆ 264 ಮ್ಯಾಚ್ ಆಡಿ ಹೊಡೆದಿದ್ದು 72 ಗೋಲು, ಅಂದ್ರೆ ಮೂರೂಮುಕ್ಕಾಲು ಮ್ಯಾಚಿಗೆ ಹತ್ತತ್ರ ಒಂದು, ಹಾಗಂತ ಅವ್ರನ್ನ ಸುಮಾರಾದ ಫಾರ್ವರ್ಡ್ ಅಂತ ಯಾರಾದ್ರೂ ಹೇಳ್ತಾರಾ? ಆ ಸ್ಪೀಡಲ್ಲಿ ಡಿ ಒಳಗೆ, ಅಂದ್ರೆ ಗೋಲ್ ಮುಂದಿನ ಅರ್ಧ ಸುತ್ತಿನ ಗೆರೆ ಒಳಗೆ ನುಗ್ಗಿದ್ರೆ ಡಿಫೆಂಡರ್ ಗಾಬರಿಯಾಗಿ ಬಾಲಿಗೆ ಕಾಲು ಕೊಡ್ತಿದ್ದ, ಅದು ಫೌಲ್, ಪೆನಾಲ್ಟಿ ಕಾರ್ನರ್ (ಬೇಸ್‌ಲೈನಿಂದ ಬಾಲ್ ತಳ್ಳಿಸ್ಕೊಂಡು ಗೋಲಿಗೆ ಹೊಡೆಯೋ ಅವಕಾಶ) ಸಿಗ್ತಿತ್ತು, ಗೋಲು ಆ ಬಾಲನ್ನ ಸ್ಟಿಕ್ಕಲ್ಲಿ ಎಳೆದು ಎಸೆಯೋ ಡ್ರ್ಯಾಗ್ ಫ್ಲಿಕರ್ ಹೆಸರಿಗೆ ಹೋಗ್ತಿತ್ತು. ಅಂಥವ್ರಿಗೂ ಟೋಕಿಯೋ ಒಲಿಂಪಿಕ್ಸ್ ಟೀಮಲ್ಲಿ ಜಾಗ ಸಿಗ್ಲಿಲ್ಲ, 2021ರಲ್ಲಿ 32ಕ್ಕೇ ರಿಟೈರ್ ಆದ್ರು. ಇನ್ನೊಂದು ಕಡೆ ಧನರಾಜ್ ಪಿಳ್ಳೈ 2004ರ ಅಥೆನ್ಸ್ ಒಲಿಂಪಿಕ್ಸಿಗೆ ಹೋದಾಗ 36. ಹಾಗಾಗಿ ವಯಸ್ಸು ನೋಡಿ ತೀರ್ಮಾನ ಮಾಡೋಕಾಗಲ್ಲ, ಆಟ ನೋಡ್ಬೇಕು.

ನೀವೇ ಬರ್ದಿರೋ ಒಂದು ಸಾಲು ನಂಗೆ ಬಹಳ ಮುಖ್ಯ ಅನ್ನಿಸ್ತು, ವಿಂಗಲ್ಲಿ (ಗ್ರೌಂಡಿನ ಅಂಚಲ್ಲಿ) ಓಡೋವಾಗ ಎದುರು ಟೀಮಿನ ಹುಡುಗ್ರು ಹಿಂದಿಂದ ಬಂದು ಬಾಲ್ ಕಿತ್ಕೊಂಡು ಹೋಗ್ತಾರೆ ಅಂತ. ಅಲ್ಲಿಗೆ ವಿಂಗ್ ಮುಗೀತು, ಅದನ್ನ ಒಪ್ಕೊಳ್ಳಿ, ಆ ಸ್ಪೀಡ್ ವಾಪಸ್ ಬರಲ್ಲ. ಆದ್ರೆ ನಿಮ್ಮದು ಮಣ್ಣಿನ ಗ್ರೌಂಡ್, ಬಾಲ್ ಎಲ್ಲಿ ಪುಟಿಯುತ್ತೋ ಗೊತ್ತಾಗಲ್ಲ, ಅಂಥ ಕಡೆ ಸ್ಟಿಕ್ ನೆಲಕ್ಕೆ ಮಲಗಿಸಿ ಒಂದೇ ಸಲಕ್ಕೆ ಟ್ರ್ಯಾಪ್ ಮಾಡೋದು, ಮೈ ಅರ್ಧ ತಿರುಗಿಸ್ಕೊಂಡು ಬಾಲ್ ಬರೋಕ್ ಮುಂಚೆನೇ ಡಿಫೆಂಡರ್ ಎಲ್ಲಿದ್ದಾನೆ ನೋಡ್ಕೊಳ್ಳೋದು, ಬಾಲ್ ಸಿಕ್ಕಿದ ತಕ್ಷಣ ಕಾರ್ನರ್ ಗಿಟ್ಟಿಸೋಕೆ ಅವ್ನ ಕಾಲಿನ ಕಡೆಗೇ ತಳ್ಳೋದು, ಇದೆಲ್ಲ 20 ವರ್ಷದ ಹುಡುಗಂಗೆ ಸುಲಭವಾಗಿ ಬರಲ್ಲ. ಅದಕ್ಕೇ ಅವ್ರನ್ನ ವಿಂಗಿಂದ ಒಳಗೆ ತನ್ನಿ, ಡಿ ತುದೀಲಿ ನಿಲ್ಲಿಸಿ, ಓಡೋ ಕೆಲ್ಸ ಅಕ್ಕಪಕ್ಕದ ಹುಡುಗ್ರು ಮಾಡ್ಲಿ. ಹಾಕೀಲಿ ಎಷ್ಟು ಸಲ ಬೇಕಾದ್ರೂ ಆಟಗಾರನ್ನ ಬದಲಾಯಿಸ್ಬಹುದಲ್ವಾ, ಐದಾರು ನಿಮಿಷ ಆಡಿಸಿ, ಹೊರಗೆ ಕರೀರಿ, ಮತ್ತೆ ಕಳಿಸಿ. ದಣಿದ ಮೇಲೂ ಗ್ರೌಂಡಲ್ಲೇ ಬಿಟ್ರೆ ಮುಂದೆ ಪ್ರೆಸ್ ಮಾಡೋರು, ಅಂದ್ರೆ ಎದುರಿನವ್ರ ಮೇಲೆ ಒತ್ತಡ ಹಾಕೋರು ಒಬ್ರು ಕಮ್ಮಿ ಆಗ್ತಾರೆ, ಆಗ ಹುಡುಗ್ರು ಗೊಣಗೋದ್ರಲ್ಲಿ ತಪ್ಪೇನಿಲ್ಲ.

ಇನ್ನೊಂದು, ಪೆನಾಲ್ಟಿ ಕಾರ್ನರಲ್ಲಿ ಬೇಸ್‌ಲೈನಿಂದ ಪುಶ್ ಯಾರು ಮಾಡ್ತಿದ್ದಾರೆ? ಪತ್ರದಲ್ಲಿ ಅದಿಲ್ಲ. ಆ ಕೆಲ್ಸ ಇವ್ರಿಗೆ ಕೊಡಿ. ಗೋಲ್‌ಪೋಸ್ಟಿಂದ 10 ಮೀಟರ್ ದೂರದಲ್ಲಿ ನಿಂತು ಬಾಲ್ ನೇರವಾಗಿ, ಪುಟಿಯದ ಹಾಗೆ, ಡಿ ಹೊರಗೆ ಬಾಲ್ ನಿಲ್ಲಿಸೋ ಸ್ಟಾಪರ್ ಸ್ಟಿಕ್ಕಿಗೆ ಕಳಿಸ್ಬೇಕು, ಓಟ ಬೇಕಿಲ್ಲ, ಮಣಿಕಟ್ಟು ಮತ್ತೆ ಕಣ್ಣು ಸಾಕು. ಈ ಪುಶ್ ಸ್ವಲ್ಪ ನಿಧಾನ ಆದ್ರೂ ಎದುರಿನವ್ರು ಓಡ್ಬಂದು ಮೇಲೆ ಬಿದ್ಬಿಡ್ತಾರೆ.

ಮತ್ತೆ ಸ್ಕೋರ್ ಬುಕ್ಕಲ್ಲಿ ಬರೀ ಗೋಲು ಬರೀಬೇಡಿ, ಯಾರಿಂದ ಕಾರ್ನರ್ ಬಂತು, ಯಾರ ಪಾಸಿಂದ ಗೋಲಾಯ್ತು ಅದನ್ನೂ ಬರೀರಿ. ನಾಲ್ಕೈದು ಮ್ಯಾಚ್ ಆದ್ಮೇಲೂ ಆ ಕಾಲಂ ಖಾಲಿ ಇದ್ರೆ ಬೆಂಚಿಗೆ ಕಳಿಸಿ, ನಾನು ಬೇಡ ಅನ್ನಲ್ಲ. ಆದ್ರೆ ಈ ಬದಲಾವಣೆ ವಿಷ್ಯ ಅವ್ರಿಗೆ ನೀವೇ ಮೊದಲು ಹೇಳಿ, ಮ್ಯಾಚ್ ದಿನ ಬೇಡ, ಹುಡುಗ್ರ ಮುಂದೆ ಅಂತೂ ಬೇಡ, ಪ್ರಾಕ್ಟೀಸ್ ಮುಗಿದ್ಮೇಲೆ ಟೀ ಕುಡಿಯೋಕೆ ಕರ್ಕೊಂಡು ಹೋಗಿ ಸೀದಾ ಮಾತಾಡಿ.